ರೊಟ್ಟಿ ಬಡಿಯುವ ಕೈಯ ಬಳೆ

ಸುತ್ತಿಗೆಯ ಪೆಟ್ಟಿಗೆ ಉಕ್ಕಿನ ಗಾಲಿ ಕೊಡುವ ನಾದವನ್ನು ಕೇಳಿ, ಅದರೊಳಗಿನ ಬಿರುಕನ್ನು ಪತ್ತೆ ಹಚ್ಚುವ ಯಂತ್ರವನ್ನು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕಟ್ಟಿ ನಿಲ್ಲಿಸಿದವಳು ನಾನು. ಆಗ ನನಗೆ ಮೂವತ್ತೂ ತುಂಬಿರಲಿಲ್ಲ. ಗಾಲಿಗಳ ಶೆಡ್ಡಿನಲ್ಲಿ ಹೆಂಗಸೊಬ್ಬಳು ನಿಂತು ಅಪ್ಪಣೆ ಕೊಡುವುದೇ ಅಲ್ಲಿಯವರಿಗೆ ಹೊಸದಾಗಿತ್ತು. ನನ್ನ ಮೊದಲ ಯಂತ್ರ ಪಕ್ಕದ ಶೆಡ್ಡಿನ ಗದ್ದಲವನ್ನೇ ಬಿರುಕೆಂದು ಸಾರಿತು. ಎರಡನೆಯದು ಒಳ್ಳೆಯ ಗಾಲಿಗಳನ್ನು ಗುಜರಿಗೆ ಕಳಿಸಿತು. ಮೂರನೆಯದಕ್ಕೆ ಹಣ ಕೊಡುವವರಿಲ್ಲದೆ ಕಳಚಿ ಎಸೆದ ಭಾಗಗಳಿಂದಲೇ ಅದನ್ನು ಜೋಡಿಸಿದೆ. ಒಂದು ಬೇಸಿಗೆಯ ಮಧ್ಯಾಹ್ನ ಅದು ಹೊಸದಾಗಿ ಬಂದ ಗಾಲಿಯೊಂದನ್ನು ತಿರಸ್ಕರಿಸಿತು. ಗಾಲಿಯ ಮೈ ಕನ್ನಡಿಯಂತಿತ್ತು. ಮೇಲಧಿಕಾರಿಗಳು ನಕ್ಕರು. ನಾನು ಹಟ ಹಿಡಿದು ಗಾಲಿಯನ್ನು ಕೊಯ್ಯಿಸಿದೆ. ಒಳಗೆ ಕೂದಲೆಳೆಯಂಥ ಬಿರುಕು ಅಂಚಿನಿಂದ ನಡುವಿನವರೆಗೆ ಹರಿದಿತ್ತು. ಆಮೇಲೆ ಯಾರೂ ನಗಲಿಲ್ಲ. ಯಂತ್ರಕ್ಕೆ ಗಾಲಿಗಿವಿ ಎಂಬ ಹೆಸರು ಬಂತು. ನನ್ನ ಹೆಸರು, ಸುಲೋಚನಾ ಅಣ್ಣಿಗೇರಿ ಎಂಬುದು, ಶಾಲೆಯ ಪಾಠದಲ್ಲಿ ಸೇರಿತು.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಮುಂದೆ ನಾನು ಹೇಳಲಿರುವ ಜಗಳದಲ್ಲಿ ಎದುರಾಳಿಗಳು ನನ್ನ ಮೇಲೆ ಎತ್ತಿದ ಆಯುಧ ನನ್ನದೇ ಗಾಲಿಗಿವಿ.

ಜಗಳ ಹುಟ್ಟಿದ್ದು ಜನನಿಬಂಧ ಎಂಬ ಪಟ್ಟಿಯಿಂದ. ನಮ್ಮ ರಾಜ್ಯದಲ್ಲಿ ಬಸಿರಾದ ಪ್ರತಿಯೊಬ್ಬ ಹೆಂಗಸೂ ಅದನ್ನು ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕೆಂದು ಕಾನೂನಾಗಿ ಕೆಲವು ವರ್ಷಗಳಾಗಿದ್ದವು. ಬಸಿರಿನಲ್ಲಿ ರಕ್ತದೊತ್ತಡ ಏರಿ, ಕೈ ಮುಖ ಊದಿ, ಕೊನೆಗೆ ಸೆಳವು ಬಂದು ತಾಯಿಯನ್ನೂ ಕೂಸನ್ನೂ ಒಯ್ಯುವ ನಂಜು ಎಂಬ ಕಾಯಿಲೆಯಿದೆ. ಪಟ್ಟಿ ಅದನ್ನು ಮುಂಚಿತವಾಗಿ ಹೇಳಬೇಕು. ಪಟ್ಟಿಯ ದೀಪ ಕೆಂಪಾದರೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಹಸಿರಿದ್ದರೆ ಹೆರಿಗೆಯ ದಿನದವರೆಗೂ ಮನೆಯೇ ಗತಿ. ಹಸಿರು ಪಟ್ಟಿಯವಳಿಗೆ ಮಂಚ ಕೊಟ್ಟ ವೈದ್ಯರು ಮೇಲಿನವರಿಗೆ ಉತ್ತರ ಕೊಡಬೇಕು. ತೋಳಿಗೆ ಬಟ್ಟೆ ಸುತ್ತಿ ಒತ್ತಡ ಅಳೆಯುವ ಹಳೆಯ ಪದ್ಧತಿಗೆ ಕಾಗದದ ಮೇಲೆ ಬೆಲೆಯೇ ಉಳಿದಿರಲಿಲ್ಲ.

ಪಟ್ಟಿಯ ಕೆಲಸ ಸರಳ. ಅದು ಚರ್ಮಕ್ಕೆ ಒತ್ತಿ ಕೂರಬೇಕು. ತೊಟ್ಟವಳು ಅಲುಗಾಡದೆ ಕೂರಬೇಕು. ಕೈ ಆಡಿದರೆ ಆ ಓದನ್ನು ಪಟ್ಟಿ ಎಸೆದುಬಿಡುತ್ತದೆ. ಸಡಿಲವಾದರೂ ಎಸೆಯುತ್ತದೆ. ಹಿಡಿತ ಸದಾ ಒಂದೇ ಸಮನಾಗಿರಲೆಂದು ಅದರೊಳಗೆ ಪುಟ್ಟ ಮೋಟಾರೊಂದಿದ್ದು, ಕೈ ಊದಿದರೆ ತಾನೇ ಸಡಿಲಿಸಿಕೊಂಡು, ಇಳಿದರೆ ತಾನೇ ಬಿಗಿದುಕೊಳ್ಳುತ್ತದೆ. ಹೀಗೆ ಉಳಿದ ಓದುಗಳ ವಾರದ ಸರಾಸರಿಯಿಂದ ದೀಪದ ಬಣ್ಣ ತೀರ್ಮಾನವಾಗುತ್ತದೆ. ಊತವೆಂಬುದನ್ನು ಹುಡುಕಬೇಕಾದ ಯಂತ್ರ ಊತಕ್ಕೆ ಜಾಗ ಮಾಡಿಕೊಟ್ಟು ಸುಮ್ಮನಿರುತ್ತದೆಂಬುದು ಅದನ್ನು ಮಾಡಿದವರಿಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಬೇಡವಾಗಿತ್ತು.

ನಮ್ಮ ಕಡೆಯ ಹೆಂಗಸರಿಗೆ ಪಟ್ಟಿಯೊಡನೆ ಬಾಳುವುದು ದೊಡ್ಡ ಪೀಡೆಯಾಯಿತು. ಜೋಳದ ಹಿಟ್ಟು ಅದರಡಿ ಸೇರಿ ಚರ್ಮ ಹುಣ್ಣಾಗುತ್ತಿತ್ತು. ಬಿಚ್ಚಿಟ್ಟರೆ ಪಟ್ಟಿಯೇ ಆರೋಗ್ಯ ಇಲಾಖೆಗೆ ದೂರು ಕಳಿಸಿ, ಹೆಸರಿನ ಮುಂದೆ 'ಅಸಡ್ಡೆಯ ತಾಯಿ' ಎಂದು ಬರೆಸುತ್ತಿತ್ತು. ಅವರೂ ಉಪಾಯ ಕಂಡುಕೊಂಡರು: ಅರಿವೆ ಒಗೆಯುವಾಗ, ರೊಟ್ಟಿ ಬಡಿಯುವಾಗ ಪಟ್ಟಿ ಅತ್ತೆಯ ಕೈಗೆ ಹೋಗುತ್ತಿತ್ತು. ನವಲಗುಂದದ ಕಡೆಯ ಒಬ್ಬ ಮುದುಕಿ ಮೂವರು ಸೊಸೆಯರ ಪಟ್ಟಿಗಳನ್ನೂ ಕಟ್ಟಿಕೊಂಡು ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿರುತ್ತಿದ್ದಳಂತೆ. ಮೂರೂ ಬಸಿರು ಬಹಳ ಶಾಂತವಾಗಿ ಸಾಗಿವೆಯೆಂದು ಇಲಾಖೆಯಿಂದ ಅಭಿನಂದನೆಯೂ ಬಂದಿತ್ತು.

ನಿವೃತ್ತಿಯ ಅನಂತರ ನಾನು ಧಾರವಾಡದ ಖಾಸಗಿ ಕಾಲೇಜೊಂದರಲ್ಲಿ ಧ್ವನಿಯ ಪ್ರಯೋಗಾಲಯ ನಡೆಸುತ್ತಿದ್ದೆ. ಗೋಡೆಗೆ ಹತ್ತಿಯ ಹಾಸು ಹೊದಿಸಿ, ಹೊರಗಿನ ಒಂದು ಪಿಸುಮಾತೂ ಒಳಗೆ ಬಾರದಂತೆ ಕಟ್ಟಿಸಿದ ಕೋಣೆ. ಅದರ ನಿಯಮವನ್ನು ನಾನೇ ಬರೆದು ಬಾಗಿಲಿಗೆ ಅಂಟಿಸಿದ್ದೆ: ಚಪ್ಪಲಿಯನ್ನೂ ಬಳೆಗಳನ್ನೂ ಹೊರಗೆ ಬಿಟ್ಟು ಬರತಕ್ಕದ್ದು. ನನ್ನ ಜೊತೆಗಾರ್ತಿ ನಾಗವೇಣಿ ಕಡಕೋಳ ಬಸುರಿಯರ ಎದೆಬಡಿತವನ್ನು ಆಲಿಸುವ ಸಣ್ಣ ಮೈಕಿನ ಮೇಲೆ ಕೆಲಸ ಮಾಡುತ್ತಿದ್ದಳು. ಬುದ್ಧಿವಂತೆ, ಬಾಯಿಯೂ ಚುರುಕು. ಒಂದು ದಿನ ಅಮ್ಮಿನಬಾವಿಯಿಂದ ಬಂದ ಬಸುರಿಯೊಬ್ಬಳು ಬಳೆ ತೆಗೆಯುವುದಿಲ್ಲವೆಂದು ಬಾಗಿಲಲ್ಲೇ ನಿಂತಳು.

"ಬಸರಿ ಹೆಂಗಸು ಕೈ ಬರಿದು ಮಾಡ್ಕೊಂಡು ಕುಂದ್ರಾಂಗಿಲ್ರಿ ಅಕ್ಕೋರ. ನಿಮ್ಮ ಮಷಿನ್ನಿಗೆ ತ್ರಾಸ ಆದ್ರ ಅದರ ಕಿವ್ಯಾಗ ಹತ್ತಿ ತುರಕ್ರಿ" ಎಂದಳು.

ಅವಳನ್ನು ಹೊರಗೆ ಕಳಿಸಿ ನಾನು ಊಟಕ್ಕೆ ಹೋದೆ. ನಾಗವೇಣಿ ಅವಳನ್ನು ಮರಳಿ ಕರೆದು, ಬಳೆಗಳ ಸಮೇತ ಕೂರಿಸಿ, ನನ್ನ ಬೆನ್ನ ಹಿಂದೆ ಧ್ವನಿ ಹಿಡಿದಿಟ್ಟುಕೊಂಡಳು. ಮುಂದೆಯೂ ಅವಳು ಬಂದಾಗಲೆಲ್ಲ ಹಾಗೆಯೇ ಮಾಡಿದಳು. ಆ ಹೆಂಗಸಿಗೆ ನಂಜು ಬಂದು ಮುಖ ಊದಿಕೊಂಡ ಮೇಲೆ ನಾಗವೇಣಿ ಹಳೆಯ ಧ್ವನಿಗಳನ್ನು ತೆಗೆದು ಕೇಳಿದಳು. ಎದೆಬಡಿತದಲ್ಲಿ ಏನೂ ಇರಲಿಲ್ಲ. ಬಳೆಯ ಸದ್ದು ಮಾತ್ರ ಮೊದಲೇ ಬದಲಾಗಿತ್ತು. ಕೈ ಆಡಿದಾಗ ಬಳೆಗಳು ಮುಂದಕ್ಕೆ ಜಾರಿ ಮುಂಗೈಗೆ ತಾಗುತ್ತವೆ, ಅನಂತರ ಹಿಂದಕ್ಕೆ ಬೀಳುತ್ತವೆ. ಮಣಿಕಟ್ಟು ಊದಿದಷ್ಟೂ ಅವು ಓಡಾಡುವ ಜಾಗ ಕಿರಿದಾಗುತ್ತದೆ, ಹೋಗಿಬರುವ ಎರಡು ಸದ್ದುಗಳ ನಡುವಿನ ಅಂತರ ಕುಗ್ಗುತ್ತದೆ, ನಾದ ಮಂಕಾಗುತ್ತದೆ. ಕಣ್ಣಿಗೆ ಊತ ಕಾಣುವುದಕ್ಕೆ ಬಹಳ ಮೊದಲೇ ಕಿವಿಗೆ ಅದು ಕೇಳಿಸುತ್ತದೆ.

"ಅಕ್ಕೋರ, ನೀವು ಬಾಗಲದಾಗ ಬಿಡಿಸಿದ್ದ ಸದ್ದಽ ಎಲ್ಲಾ ಹೇಳಾಕತ್ತೈತಿ" ಎಂದಳು ನಾಗವೇಣಿ. ಅವಳ ದನಿಯಲ್ಲಿದ್ದುದು ಸಂತೋಷವೊಂದೇ ಅಲ್ಲ.

ಹಾಗೆ ಹುಟ್ಟಿತು ಕೇಳುಬಳೆ. ಅರಗಿನ ಒಳಗೆ ಕಡಲೆಕಾಳಿನಷ್ಟು ದೊಡ್ಡ ಮೈಕನ್ನು ಹುದುಗಿಸಿದ, ಗಾಜಿನ ಹಸಿರು ಬಳೆಗಳ ನಡುವೆ ಯಾರಿಗೂ ಎದ್ದು ಕಾಣದ ಒಂದು ಬಳೆ. ಅದಕ್ಕೆ ಪೆಟ್ಟು ಕೊಡುವುದು ಅಡುಗೆಮನೆಯೇ. ನಮ್ಮ ನಾಡಿನ ಹೆಂಗಸು ಹೊತ್ತು ಹೊತ್ತಿಗೆ ಕೂತು ರೊಟ್ಟಿ ಬಡಿಯುತ್ತಾಳೆ. ಆ ಬಡಿತಕ್ಕೊಂದು ಲಯವಿದೆ. ಪ್ರತಿ ಬಡಿತಕ್ಕೂ ಬಳೆ ಮುಂದೆ ಹೋಗಿ ಹಿಂದೆ ಬರುತ್ತದೆ. ಬಡಿತ ಜೋರಾಗಿರಲಿ ಮೆಲ್ಲಗಿರಲಿ, ಹೋಗುವ ಸದ್ದನ್ನು ಬರುವ ಸದ್ದಿನೊಡನೆ ತೂಗಿದರೆ ಕೈಯ ಬಲ ಲೆಕ್ಕದಿಂದ ಬಿಟ್ಟುಹೋಗಿ, ಮಣಿಕಟ್ಟಿನ ಜಾಗವೊಂದೇ ಉಳಿಯುತ್ತದೆ. ಈ ತೂಗುವಿಕೆಯನ್ನು ಕಂಡುಹಿಡಿದವಳು ನಾಗವೇಣಿ. ಅದನ್ನು ಯಂತ್ರವಾಗಿ ಕಟ್ಟಿದವಳು ನಾನು. ಪೇಟೆಂಟಿನ ಅರ್ಜಿಯಲ್ಲಿ ಇಬ್ಬರ ಹೆಸರೂ ಇತ್ತು.

ಅರ್ಜಿ ಕಳಿಸಿದ ಹೊಸದರಲ್ಲಿ ಧಾರವಾಡದ ಸಂಘವೊಂದು ನನಗೆ ಸನ್ಮಾನ ಏರ್ಪಡಿಸಿತು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ನನಗಿಂತ ಮೊದಲು ಮಾತಾಡಿದವರೆಲ್ಲ ಗಾಲಿಗಿವಿಯನ್ನು ಹಾಡಿ ಹೊಗಳಿದ್ದರು. ನಾನೂ ಮೈಕಿನ ಮುಂದೆ ನಿಂತು, ಇದರಲ್ಲಿ ಹೊಸದೇನೂ ಇಲ್ಲ, ನಲವತ್ತು ವರ್ಷದ ಹಿಂದೆ ಗಾಲಿಯಲ್ಲಿ ಕೇಳಿದ್ದನ್ನೇ ಈಗ ಬಳೆಯಲ್ಲಿ ಕೇಳಿದ್ದೇನೆ ಎಂದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನಾಗವೇಣಿ ಕೂತೇ ಇದ್ದಳು.

ಮರುದಿನ ಪ್ರಯೋಗಾಲಯದಲ್ಲಿ ಅವಳು ನನ್ನನ್ನು ನೇರವಾಗಿ ಕೇಳಿದಳು: ಹೊಸದೇನೂ ಇಲ್ಲವೆಂದು ಊರ ಮುಂದೆ ಹೇಳಿದಿರಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಯಾರು ಕೊಡುತ್ತಾರೆ? ಸನ್ಮಾನದ ಸಭೆಯಲ್ಲಿ ಆಡುವ ಮಾತಿನ ರೀತಿಯೇ ಬೇರೆ, ಅದನ್ನು ನನಗೆ ಕಲಿಸಬೇಡ ಎಂದೆ. ಆಮೇಲೆ ನಾವಿಬ್ಬರೂ ಕೆಲಸದ ಮಾತಲ್ಲದೆ ಬೇರೆ ಮಾತಾಡುವುದನ್ನು ಬಿಟ್ಟೆವು.

ಕೆಲಸದಲ್ಲಿಯೂ ನಾವೊಂದು ತಪ್ಪು ಮಾಡಿದ್ದೆವು. ಬಳೆಯ ಪರೀಕ್ಷೆಗೆ ಆರಿಸಿಕೊಂಡವರೆಲ್ಲ ಗಂಡನ ಮನೆಯಲ್ಲಿದ್ದ ಸೊಸೆಯರು. ಬೆಳಗಾದರೆ ರೊಟ್ಟಿ ಬಡಿಯುವವರು. ಬಳೆ ಬಹಳ ಚೆನ್ನಾಗಿ ಕೇಳಿಸಿಕೊಂಡಿತು. ನಂಜು ಮುಖ್ಯವಾಗಿ ಕಾಡುವುದು ಚೊಚ್ಚಲ ಬಸಿರಿನ ಕಡೆಯ ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಚೊಚ್ಚಲ ಬಸುರಿ ಇರುವುದು ತವರಿನಲ್ಲಿ. ತವರಿನಲ್ಲಿ ಅವಳಿಗೆ ಯಾರೂ ಹಿಟ್ಟಿನ ಬುಟ್ಟಿ ಮುಟ್ಟಗೊಡುವುದಿಲ್ಲ. ಇಷ್ಟು ತಿಳಿದೂ ನಮಗೆ ಹೊಳೆದಿರಲಿಲ್ಲ. ನನ್ನ ತಮ್ಮನ ಮಗಳು ಶಿವಲೀಲಾ ಸೀಮಂತದ ಕುಬಸ ಮಾಡಿಸಿಕೊಂಡು ಮೊರಬದ ತವರಿಗೆ ಬಂದ ದಿನವೇ ಅವಳ ಕೈಯ ಕೇಳುಬಳೆ ಮೂಕವಾಯಿತು.

ದಿನಕ್ಕೆ ಒಂದು ರೊಟ್ಟಿಯನ್ನಾದರೂ ಅವಳ ಕೈಯಲ್ಲಿ ಬಡಿಸೆಂದು ನಾನು ಅವಳ ತಾಯಿ ಕಸ್ತೂರಿಗೆ ಹೇಳಿದೆ. ಕಸ್ತೂರಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಬಸರಿ ಮಗಳ ಕೈಲೆ ರೊಟ್ಟಿ ಬಡಿಸಿದ್ರ ಬೀಗರು ಏನ ತಿಳ್ಕೋಬೇಕ್ರಿ ಅಕ್ಕಾರ? ಇಷ್ಟು ವರ್ಷದಾಗ ಈ ಮನಿ ಒಲಿ ಮುಂದ ನೀವು ಒಂದಿನಾ ಕುಂತಾವ್ರಲ್ಲ. ಈಗ ನನ್ನ ಮಗಳನ್ನ ಕೂಡಸಾಕ ಬಂದೀರಿ."

ಕೊನೆಗೆ ಶಿವಲೀಲಾ ತಾನೇ ಒಪ್ಪಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ತಾಯಿ ಹಿತ್ತಲಿಗೆ ಹೋದಾಗ ದಿನಕ್ಕೊಂದು ರೊಟ್ಟಿ ಬಡಿಯತೊಡಗಿದಳು. ಮೊದಲ ದಿನ ಫೋನು ಮಾಡಿ, "ಅತ್ತಿ, ನಿನ್ನ ಮಷಿನ್ನಿಗೆ ರೊಟ್ಟಿ ಬಡದೇನಿ, ಹರದೈತಿ. ಹರಕ ರೊಟ್ಟಿನೂ ನಾನಽ ತಿನ್ನಬೇಕೇನು, ಇಲ್ಲಾ ಪ್ರಯೋಗಕ್ಕ ಬೇಕೋ?" ಎಂದು ನಕ್ಕಳು.

ಇಷ್ಟರಲ್ಲಿ ಜನನಿಬಂಧದ ಕಂಪನಿ ನಮ್ಮ ಅರ್ಜಿಗೆ ತಕರಾರು ಸಲ್ಲಿಸಿತ್ತು. ಕೇಳುಬಳೆ ತಮ್ಮ ಪಟ್ಟಿಯ ನಕಲು. ಮಣಿಕಟ್ಟಿಗೆ ಸುತ್ತುವ, ಊತವನ್ನು ಅರಿಯುವ ಯಾವ ಸಾಧನವೂ ತಮ್ಮ ಹಳೆಯ ಪೇಟೆಂಟಿನೊಳಗೇ ಬರುತ್ತದೆ ಎಂಬುದು ಅವರ ವಾದ. ಸಾಧನಗಳ ಹಕ್ಕನ್ನು ತೀರ್ಮಾನಿಸುವ ಪೀಠ ಬೇರೆಯದೆಂದು ಒಪ್ಪಿದ ಸಾಧನದ ಓದಿಗೂ ಆಸ್ಪತ್ರೆಯಲ್ಲಿ ಪಟ್ಟಿಯ ದೀಪದಷ್ಟೇ ಬೆಲೆಯೆಂದು ಕಾನೂನಿನಲ್ಲಿತ್ತು. ಆ ಪೀಠ ವಿಚಾರಣೆ ಮುಗಿಯುವವರೆಗೆ ನಮ್ಮ ಬಳೆಯ ಓದಿಗೆ ತಡೆ ಹಾಕಿತು. ಎಂದರೆ, ಬಳೆ ಏನನ್ನೇ ಹೇಳಲಿ, ಯಾವ ಆಸ್ಪತ್ರೆಯೂ ಅದನ್ನು ಕೇಳುವಂತಿಲ್ಲ.

ವಿಚಾರಣೆಯ ಹಿಂದಿನ ದಿನ ಶಿವಲೀಲಾಳ ಬಳೆ ಮಾತಾಡಿತು. ಪ್ರಯೋಗಾಲಯದ ಪರದೆಯ ಮೇಲೆ ಅವಳ ಗೆರೆ ವಾರದಿಂದ ತುಸು ಬಾಗುತ್ತಿದ್ದುದು ಅಂದು ಬಾವಿಗೆ ಬಿದ್ದಂತೆ ಇಳಿದಿತ್ತು. ನಾಗವೇಣಿ ಹಿಂದಿನ ವಾರದ ಧ್ವನಿಯನ್ನೂ ಅಂದಿನದನ್ನೂ ನನಗೆ ಕೇಳಿಸಿದಳು. ಹಿಂದಿನದರಲ್ಲಿ ಹೋಗುವ ಸದ್ದು, ಬರುವ ಸದ್ದು ಬೇರೆ ಬೇರೆಯಾಗಿ ಕೇಳುತ್ತಿದ್ದವು. ಅಂದಿನದರಲ್ಲಿ ಎರಡೂ ಕೂಡಿಕೊಂಡು ಒಂದೇ ಮಂಕು ಪೆಟ್ಟಾಗಿತ್ತು. ಫೋನಿನಲ್ಲಿ ಶಿವಲೀಲಾ ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಿಂಚುಹುಳು ಹಾರಿದಂತಾಗುತ್ತಿದೆ ಎಂದಳು. ಅವಳ ಪಟ್ಟಿ ಮಾತ್ರ ಹಸಿರಾಗಿತ್ತು.

ನಾನೂ ನಾಗವೇಣಿಯೂ ಅವಳನ್ನು ಹೆರಿಗೆ ಆಸ್ಪತ್ರೆಗೆ ಕರೆದೊಯ್ದೆವು. ಬಾಗಿಲಲ್ಲಿ ಪಟ್ಟಿ ತೋರಿಸಿದೆವು, ಹಸಿರು. ಒಳಗಿನ ವೈದ್ಯರು ಒಳ್ಳೆಯವರೇ. ಪಟ್ಟಿಯ ಸರಾಸರಿ ಇನ್ನೆರಡು ಮೂರು ದಿನಕ್ಕೆ ಕೆಂಪಾಗಬಹುದು, ಆಗ ಬನ್ನಿ ಎಂದರು. ನರ್ಸೊಬ್ಬಳು ನಮ್ಮನ್ನು ಔಷಧದ ಕೋಣೆಯ ಹಿಂದೆ ಕರೆದು, ಅಲಮಾರಿಯ ಅಡಿಯಿಂದ ಹಳೆಯ ಉಪಕರಣ ತೆಗೆದು ಒತ್ತಡ ಅಳೆದಳು. ಬಹಳ ಹೆಚ್ಚಾಗಿದೆ, ಆದರೆ ನಾನು ಬರೆದುಕೊಟ್ಟರೆ ನನ್ನ ಕೆಲಸ ಹೋಗುತ್ತದೆ, ನಿಮಗೆ ಮಂಚವೂ ಸಿಗುವುದಿಲ್ಲ ಎಂದಳು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗಳಲ್ಲೂ ಅದೇ ಉತ್ತರ. ಅವರಿಗೂ ಅದೇ ಕಾನೂನು. ಶಿವಲೀಲಾಳನ್ನು ನನ್ನ ಮನೆಯಲ್ಲೇ ಮಲಗಿಸಿ, ಕಸ್ತೂರಿಯನ್ನು ಕರೆಸಿದೆ.

ಕಸ್ತೂರಿ ಮಗಳ ಊದಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, ನನ್ನತ್ತ ನೋಡದೆ ಕೇಳಿದಳು: "ನಿಮ್ಮ ಕೇಳುಬಳಿ ಹೇಳಿದ್ದು ಖರೆ ಹೌದಲ್ಲ? ಹಂಗಾದ್ರ ನಾಳೆ ಅವರ ಮುಂದ ಅದನ್ನ ಖರೆ ಮಾಡಿ ಬರ್ರಿ. ಹ್ಯಾಂಗರ ಮಾಡ್ರಿ."

ಮರುದಿನ ಪೀಠ ಹುಬ್ಬಳ್ಳಿಯಲ್ಲೇ ಕೂತಿತ್ತು. ವಿಚಾರಣಾಧಿಕಾರಿ ಶ್ರೀಮತಿ ನದಾಫ್ ಮಿತಭಾಷಿ. ಬೇಡದ ಮಾತು ಕೇಳಿದರೆ ಪೆನ್ನಿನ ಮುಚ್ಚಳ ಹಾಕಿ ಕೂರುವ ಹೆಂಗಸು. ಕಂಪನಿಯ ವಕೀಲ ಚಿನ್ಮಯ ಕಟಗೇರಿ, ವಯಸ್ಸಿನಲ್ಲಿ ನನ್ನ ಮೊಮ್ಮಗನಂಥವನು. ನನ್ನನ್ನು ಕಂಡು ಎದ್ದು ನಿಂತು ನಮಸ್ಕರಿಸಿದ. ಅದರಲ್ಲಿ ಗೌರವವಿತ್ತೋ ವ್ಯಂಗ್ಯವಿತ್ತೋ ಹೇಳಲಾರೆ.

ಮೊದಲ ತಕರಾರಿಗೆ ನಾಗವೇಣಿಯೇ ಉತ್ತರ ಕೊಟ್ಟಳು. ಅವರದೇ ಪೇಟೆಂಟನ್ನು ಕೈಯಲ್ಲಿ ಹಿಡಿದು, ಸಡಿಲವಾದಾಗಿನ ಓದನ್ನು ಎಸೆಯತಕ್ಕದ್ದು, ಕೈ ಆಡುವಾಗಿನ ಓದನ್ನು ಎಸೆಯತಕ್ಕದ್ದು ಎಂಬ ಸಾಲುಗಳನ್ನು ಓದಿದಳು. "ಅವರು ಕಸ ಅಂತ ಹೊರಗ ಚೆಲ್ಲಿದ್ದಽ ನಮ್ಮ ಕಾಳು, ಮೇಡಂ. ಅವರ ಪಟ್ಟಿ ಬಿಗಿ ಇದ್ರ ಕೆಲಸ ಮಾಡತೈತಿ, ನಮ್ಮ ಬಳಿ ಸಡಲ ಇದ್ರ. ಅವರ ಪಟ್ಟಿ ತೊಟ್ಟಾಕಿ ಸುಮ್ಮನ ಕುಂದ್ರಬೇಕು, ನಮ್ಮ ಬಳಿ ತೊಟ್ಟಾಕಿ ದುಡೀಬೇಕು. ಕೈ ಊದಿದ್ರ ಪಟ್ಟಿ ಸಡಲ ಬಿಟ್ಟು ಊತ ಮುಚ್ಚತೈತಿ. ಎರಡೂ ಒಂದಽ ಆಗೂದು ಹ್ಯಾಂಗ?"

ನದಾಫ್ ಅವರು ಆ ಸಾಲುಗಳನ್ನು ತಾವೂ ಓದಿ, ಅಂಚಿನಲ್ಲಿ ಗುರುತು ಹಾಕಿಕೊಂಡರು. ಕಟಗೇರಿ ಅದಕ್ಕೆ ಹೆಚ್ಚು ಹೋರಾಡಲಿಲ್ಲ. ಅವನು ಕಾಯುತ್ತಿದ್ದುದು ಎರಡನೆಯದಕ್ಕೆ. ಪಟ್ಟಿಯೊಂದೇ ಸಾಲದಿರಬಹುದು, ಎಂದ ಅವನು; ಪಟ್ಟಿಯ ಪಕ್ಕದಲ್ಲಿ ಗಾಲಿಗಿವಿಯನ್ನು ಇಟ್ಟು ನೋಡೋಣ. ಬಡಿ, ಕೇಳು, ದೋಷ ಹೇಳು ಎಂಬ ಉಪಾಯ ಈ ನಾಡಿಗೆ ನಲವತ್ತು ವರ್ಷಗಳಿಂದ ಗೊತ್ತು. ಎರಡನ್ನೂ ಬಲ್ಲ ಯಾವ ಇಂಜಿನಿಯರಿಗೂ ಬಳೆ ಸಹಜವಾಗಿ ಹೊಳೆಯುವಂಥದ್ದು. ಸಹಜವಾಗಿ ಹೊಳೆಯುವುದಕ್ಕೆ ಪೇಟೆಂಟ್ ಇಲ್ಲ.

"ನಾವು ಐದನೇ ಕ್ಲಾಸಿನ್ಯಾಗ ನಿಮ್ಮ ಪಾಠ ಬಾಯಿಪಾಠ ಮಾಡೇವ್ರಿ ಮೇಡಂ" ಎಂದು ನನ್ನತ್ತ ತಿರುಗಿದ. "ಗಾಲಿಗಿವಿ ಬಗ್ಗೆ ನಾ ಕಡಿಮಿ ಮಾತಾಡಿದ್ರ ನಮ್ಮ ಮಾಸ್ತರು ಈಗಲೂ ಕಿವಿ ಹಿಂಡತಾರ."

ಆಮೇಲೆ ಅವನು ಗೋಡೆಯ ಪರದೆಯ ಮೇಲೆ ಸನ್ಮಾನದ ಸಭೆಯನ್ನು ತೋರಿಸಿದ. ಶಾಲು ಹೊದ್ದು, ಹಾರದೊಳಗಿನಿಂದ ಮುಖ ಎತ್ತಿ ನಾನು ಮಾತಾಡುತ್ತಿದ್ದೆ: ಇದರಾಗ ಹೊಸಾದೇನೂ ಇಲ್ಲ. ಚಪ್ಪಾಳೆ ಕೋಣೆಯನ್ನು ತುಂಬಿತು. ಕಟಗೇರಿ ಅದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ, ಕೊನೆಯವರೆಗೂ ಓಡಿಸಿದ. ನಾಗವೇಣಿ ಮೇಜಿನ ಅಂಚನ್ನು ಹಿಡಿದು ಕೂತಿದ್ದಳು, ನನ್ನತ್ತ ನೋಡಲಿಲ್ಲ. ಅವಳ ಫೋನು ಮೇಜಿನ ಮೇಲೆ ನಡುಗಿತು. ನನ್ನ ಮನೆಯಿಂದ ಕಸ್ತೂರಿಯ ಸಂದೇಶ: ಹುಡುಗಿಗೆ ಈಗ ಕಣ್ಣು ಮಂಜಾಗುತ್ತಿದೆ.

ನದಾಫ್ ಅವರು ಇದಕ್ಕೆ ನಾನೇನು ಹೇಳುತ್ತೇನೆಂದು ಕೇಳಿದರು.

ಉತ್ತರಿಸಲು ಎರಡು ದಾರಿಗಳಿದ್ದವು. ಸನ್ಮಾನದ ಮಾತು ಉಪಚಾರದ ಮಾತು, ಅದನ್ನು ತಾಂತ್ರಿಕ ಹೇಳಿಕೆಯೆಂದು ಹಿಡಿಯಬಾರದು ಎನ್ನಬಹುದಾಗಿತ್ತು. ಅದು ಮೃದುವಾದ ದಾರಿ; ಆದರೆ ಅದರಿಂದ ವಿಚಾರಣೆ ಇನ್ನೊಂದು ವಾರಕ್ಕೆ ಹೋಗುತ್ತಿತ್ತು, ಲಿಖಿತ ವಾದ, ಪ್ರತಿವಾದ. ಮನೆಯಲ್ಲಿ ಮಲಗಿದ್ದವಳಿಗೆ ಒಂದು ವಾರವಿರಲಿಲ್ಲ. ಇನ್ನೊಂದು ದಾರಿ ಗಾಲಿಗಿವಿಯನ್ನು ನನ್ನ ಕೈಯಾರೆ ಒಡೆಯುವುದು.

ನಾನು ಎದ್ದು ನಿಂತೆ. ಗಾಲಿಗಿವಿಯ ಗುಟ್ಟನ್ನು ಯಾವ ಪಾಠವೂ ಬರೆದಿಲ್ಲ, ನಾನು ಹೇಳುತ್ತೇನೆ ಎಂದೆ. ಆ ಯಂತ್ರಕ್ಕೆ ತನ್ನದೇ ಸುತ್ತಿಗೆಯಿತ್ತು. ಒಂದೇ ಎತ್ತರದಿಂದ, ಒಂದೇ ಭಾರದಿಂದ ಬೀಳುವ ಸುತ್ತಿಗೆ. ಆ ಪೆಟ್ಟಿನ ನಾದವನ್ನಷ್ಟೇ ಅದು ಬಲ್ಲುದು. ಕಾರ್ಖಾನೆಯ ಕೆಲಸಗಾರ ತನ್ನ ಕೈಯಿಂದ ಬಡಿದ ದಿನ ಅದು ಕೆಟ್ಟ ಗಾಲಿಯನ್ನು ಒಳ್ಳೆಯದೆಂದಿತು. ಪೆಟ್ಟಿನ ಬಲ ತಿಳಿಯದಿದ್ದರೆ ಅದು ಕಿವುಡು. ಈ ಕಿವುಡನ್ನು ನೀಗಿಸಲು ನಾನು ಬಹಳ ಕಾಲ ಹೆಣಗಿದೆ, ಆಗಲಿಲ್ಲ. ಬಲ ತಿಳಿಯದ ಪೆಟ್ಟನ್ನು ಹೋಗುವ ಸದ್ದಿನಿಂದ, ಬರುವ ಸದ್ದಿನಿಂದ ತೂಗಬಹುದೆಂಬುದು ನನಗೆ ಎಂದೂ ಹೊಳೆಯಲಿಲ್ಲ.

ಕಟಗೇರಿ ಎದ್ದ. ಹೊಳೆಯದಿದ್ದುದು ನಿಮಗೊಬ್ಬರಿಗೆ ಇರಬಹುದು, ಬೇರೆ ಇಂಜಿನಿಯರಿಗೆ ಹೊಳೆಯುತ್ತಿತ್ತು ಎಂದ.

"ಗಾಲಿಗಿವಿಯನ್ನು ನನಗಿಂತ ಚಲೋ ಬಲ್ಲವರು ಯಾರು ಇದ್ದಾರೆ, ಹೇಳಪಾ" ಎಂದೆ. "ನೀನೇ ಹೇಳಿದಿ, ನಾಡಿಗೆಲ್ಲಾ ಪಾಠ ಆಗೇದ ಅಂತ. ಆ ಪಾಠ ಬರೆಸಿದಾಕಿ ನಾನು. ನಲವತ್ತು ವರ್ಷ ಬಳಿ ತೊಟ್ಟ ಹೆಂಗಸರು ನನ್ನ ಮುಂದ ಓಡಾಡಿದರು. ನನ್ನ ಪ್ರಯೋಗಾಲಯದ ಬಾಗಿಲಿಗೆ ಬಳಿ ತಗದು ಬರ್ರಿ ಅಂತ ನಾನಽ ಬರೆದು ಹಚ್ಚೇನಿ. ಅಮ್ಮಿನಬಾವಿಯಿಂದ ಬಂದ ಬಸರಿ ತಗಿಲಿಲ್ಲ ಅಂತ ಆಕಿನ್ನ ಹೊರಗ ಹಾಕೇನಿ. ಗಾಲಿಗಿವಿಯಿಂದ ಬಳಿಗೆ ದಾರಿ ಇದ್ದಿದ್ರ ಮೊದಲು ನಡ್ಯಾಕಿ ನಾನು. ನಾನು ಆ ದಾರಿಗೆ ಅಡ್ಡ ನಿಂತಿದ್ದೆ."

ನದಾಫ್ ಅವರು ಬಾಗಿಲಿನ ನಿಯಮದ ಚಿತ್ರವಿದೆಯೇ ಎಂದು ಕೇಳಿದರು. ನಾಗವೇಣಿ ಫೋನಿನಲ್ಲಿದ್ದುದನ್ನು ತೋರಿಸಿದಳು. ಅವಳು ಅದನ್ನು ಏಕೆ ತೆಗೆದಿಟ್ಟುಕೊಂಡಿದ್ದಳೋ ನಾನು ಇಂದಿಗೂ ಕೇಳಿಲ್ಲ.

ಸನ್ಮಾನದ ಮಾತು ಏನಾಯಿತು ಎಂದು ನದಾಫ್ ಅವರು ಕೇಳಿದರು. ಒಂದೇ ವಾಕ್ಯದಲ್ಲಿ ಹೇಳಬೇಕೆಂದರು, ವಿವರಣೆ ಬೇಡ.

ಕಾರ್ಖಾನೆಯ ಶೆಡ್ಡು, ಕೊಯ್ದ ಗಾಲಿ, ನಗು ನಿಂತ ಮೇಲಧಿಕಾರಿಗಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ಬದುಕಿನಲ್ಲಿ ನನ್ನದೆಂದು ನಾನು ತೋರಿಸುತ್ತ ಬಂದದ್ದು ಅದೊಂದೇ.

"ಅದು ಸುಳ್ಳು ಜಂಬ" ಎಂದೆ. "ಗಾಲಿಗಿವಿ ತನ್ನ ಸುತ್ತಿಗೆಯೊಂದನ್ನು ಬಿಟ್ಟು ಏನನ್ನೂ ಕೇಳಲಾರದ ಕಿವುಡು ಯಂತ್ರ, ಅದು ಕೇಳುಬಳೆಗೆ ಏನನ್ನೂ ಕಲಿಸಲಿಲ್ಲ."

ನನ್ನ ದನಿ ಇಳಿದಿತ್ತು. ನದಾಫ್ ಅವರಿಗೆ ಕೇಳಿಸಿತು, ಅಷ್ಟು ಸಾಕಾಗಿತ್ತು. ಅವರು ಕೆಲಹೊತ್ತು ಬರೆದು, ಆದೇಶವನ್ನು ಓದಿ ಹೇಳಿದರು: ಹಳೆಯ ಪಟ್ಟಿ ಎಸೆಯುವುದನ್ನು ಬಳೆ ಹಿಡಿಯುತ್ತದೆ, ಹಳೆಯ ಗಾಲಿಗಿವಿ ಕೇಳಲಾರದ್ದನ್ನು ಬಳೆ ಕೇಳುತ್ತದೆ, ಎರಡನ್ನೂ ಬಲ್ಲ ತಜ್ಞೆಯೇ ಬಳೆಯನ್ನು ಬಾಗಿಲಾಚೆ ಇರಿಸಿದ್ದಳು, ಆದ್ದರಿಂದ ಇದು ಬೇರೆಯೇ ಸಾಧನ. ತಡೆ ಈ ಕ್ಷಣದಿಂದ ತೆರವಾಗಿದೆ, ಬಳೆಯ ಓದನ್ನು ಆಸ್ಪತ್ರೆಗಳು ಒಪ್ಪತಕ್ಕದ್ದು.

ನಾಗವೇಣಿ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಫೋನು ಕಿವಿಗಿಟ್ಟುಕೊಂಡು ಹೊರಗೆ ಓಡಿದಳು. ಆ ದಿನ ಮಧ್ಯಾಹ್ನವೇ ಶಿವಲೀಲಾಳಿಗೆ ಮಂಚ ಸಿಕ್ಕಿತು. ಕತ್ತಲಾಗುವ ಮೊದಲೇ ಆಪರೇಷನ್ ಮಾಡಿ ಕೂಸನ್ನು ಹೊರತೆಗೆದರು. ಹೆಣ್ಣು ಕೂಸು, ಅಂಗೈಯಷ್ಟು ಚಿಕ್ಕದು. ಅದನ್ನು ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಾಯಿಯೂ ಕೂಸೂ ಉಳಿದರು. ಕಸ್ತೂರಿ ನನ್ನೊಡನೆ ಮೊದಲಿಗಿಂತ ಹೆಚ್ಚೇನೂ ಮಾತಾಡುವುದಿಲ್ಲ. ನಾಗವೇಣಿ ಬೇರೆ ಊರಿನಲ್ಲಿ ತನ್ನದೇ ಪ್ರಯೋಗಾಲಯ ತೆರೆದಳು, ನನ್ನನ್ನು ಉದ್ಘಾಟನೆಗೆ ಕರೆಯಲಿಲ್ಲ. ಶಾಲೆಯ ಪಾಠವನ್ನು ಮುಂದಿನ ಮುದ್ರಣದಲ್ಲಿ ತೆಗೆದುಹಾಕಿದರೆಂದು ಕೇಳಿದ್ದೇನೆ. ಕಂಪನಿಯವರು ಆದೇಶದ ಪ್ರತಿಯನ್ನು ಎಲ್ಲೆಲ್ಲಿಗೆ ಕಳಿಸಿದರೋ ಯಾರು ಬಲ್ಲರು.

ಆದರೆ ಇದೆಲ್ಲ ಆಮೇಲಿನದು. ಅಂದು ಆದೇಶ ಓದಿಯಾದ ಮೇಲೆ ನಾನಿನ್ನೂ ನಿಂತೇ ಇದ್ದೆ. ಕಟಗೇರಿ ತನ್ನ ಕಾಗದಗಳನ್ನು ಒಪ್ಪವಾಗಿ ಜೋಡಿಸಿಕೊಂಡ. ಕಂಪನಿ ಮೇಲ್ಮನವಿಗೆ ಹೋಗಲಿದೆಯೆಂದ. ಹೋಗುವ ಮೊದಲು ಒಂದು ಕೋರಿಕೆಯಿದೆ, ಅರ್ಜಿದಾರರ ಕೊನೆಯ ಹೇಳಿಕೆ ದಾಖಲೆಯಲ್ಲಿ ಸ್ಪಷ್ಟವಾಗಿ ಮೂಡಿಲ್ಲ, ಮೈಕು ದೂರವಿತ್ತು, ಅವರದೇ ದನಿಯಲ್ಲಿ ಅದು ದಾಖಲಾಗಬೇಕು ಎಂದ. ನದಾಫ್ ಅವರು ನನ್ನ ಮುಖ ನೋಡಿದರು. ಕೋರಿಕೆ ನ್ಯಾಯವಾದದ್ದೇ, ತಳ್ಳಿಹಾಕಲು ಅವರಿಗೆ ಕಾರಣವಿರಲಿಲ್ಲ.

ಕಟಗೇರಿ ತಾನೇ ಬಂದು ಮೈಕನ್ನು ನನ್ನ ಬಾಯಿಯ ಹತ್ತಿರ ಎಳೆದಿಟ್ಟ. ಅವನ ಮುಖದಲ್ಲಿ ಸೋಲಿನ ಕುರುಹು ಇರಲಿಲ್ಲ. ಪಾಠ ಒಪ್ಪಿಸುವ ಹುಡುಗರನ್ನು ಮಾಸ್ತರರು ನೋಡುವಂತೆ ನೋಡಿದ.

"ಗಾಲಿಗಿವಿ ಬಗ್ಗೆ ಹೇಳಿದ್ರಲ್ಲ ಮೇಡಂ, ಆ ಮಾತು" ಎಂದ. "ಇನ್ನೊಮ್ಮೆ ಹೇಳ್ರಿ. ಸಾವಕಾಶ, ಎಲ್ಲಾರಿಗೂ ಕೇಳೂಹಂಗ."